ಹೋಗಿ ಕೂತು ಬರುವ ಕೆಲಸ

ಹತ್ತೊಂಬತ್ತನೇ ಶತಮಾನದ ನಡುವಿನ ಒಂದು ಹೊಸವರ್ಷದ ದಿನ. ಪ್ಯಾರಿಸ್ಸಿನ ಸೊರ್ಬಾನ್‌ನಲ್ಲಿ ಪಾಠ ಹೇಳುತ್ತಿದ್ದ ಪ್ರೊಫೆಸರ್ ಒಬ್ಬರು ಬೆಳಗಿನಿಂದಲೇ ಚಡಪಡಿಸುತ್ತಿದ್ದರು. ಅವರು ಆಗಾಗ ಹೋಗಿ ಬರುತ್ತಿದ್ದ ಬಡ ಕುಟುಂಬವೊಂದು ಬಟ್ಟೆಬರೆ ಇಡುವ ಖಾನೆಗಳ ಬೀರುವನ್ನು ಗಿರವಿ ಇಟ್ಟಿತ್ತು. ಬಾಳಿ ಬದುಕಿದ ದಿನಗಳ ಗುರುತಾಗಿ ಆ ಮನೆಯಲ್ಲಿ ಉಳಿದಿದ್ದದ್ದು ಅದೊಂದೇ. ಬಿಡಿಸಿಕೊಟ್ಟರೆ ಹೇಗೆ ಎಂದು ಹೆಂಡತಿ ಅಮೆಲಿಯನ್ನು ಕೇಳಿದರು. ಅಷ್ಟು ಅಗತ್ಯವೇನಿಲ್ಲ ಎಂದು ಆಕೆ ಕಾರಣ ಕೊಟ್ಟು ಹೇಳಿದರು, ಇವರೂ ಒಪ್ಪಿದರು. ಸಂಜೆ ಪುಟ್ಟ ಮಗಳ ಸುತ್ತ ಬಿದ್ದಿದ್ದ ಆಟಿಕೆ, ಮಿಠಾಯಿಗಳ ರಾಶಿ ಕಂಡದ್ದೇ ಮತ್ತೆ ಮುಖ ಬಾಡಿತು. ಕೊನೆಗೆ ಅಮೆಲಿಯೇ ಕಳಿಸಿಕೊಟ್ಟರು. ಬೀರು ಮನೆ ಸೇರಿತು, ಪ್ರೊಫೆಸರ್ ಹಗುರಾಗಿ ವಾಪಸಾದರು.

ಅವರ ಹೆಸರು ಫ್ರೆಡೆರಿಕ್ ಓಜಾನಂ. ಮಂಗಳೂರಿನ ಕಡೆಯ ಇಗರ್ಜಿಗಳಲ್ಲಿ ಸೈಂಟ್ ವಿನ್ಸೆಂಟ್ ದೆ ಪಾವ್ಲ್ ಸಭೆಯ ಸದಸ್ಯರಾದವರೆಲ್ಲ ಈ ಹೆಸರು ಕೇಳಿರುತ್ತಾರೆ; ಪೂಜೆಯ ಕೊನೆಗೆ ಪ್ರಕಟಣೆ ಓದುವಾಗ ಸಭೆಯ ಹೆಸರನ್ನಷ್ಟೇ ಕೇಳಿಸಿಕೊಂಡವರೇ ಹೆಚ್ಚು. ನಾನೂ ಬಹುಕಾಲ ಆ ಎರಡನೆಯ ಗುಂಪಿನಲ್ಲಿದ್ದೆ. ನಮ್ಮ ವಾಡೊದ, ಎಂದರೆ ಇಗರ್ಜಿಯ ವಾರ್ಡಿನ, ಮುಖಂಡರಾದ ಗುರ್ಕಾರರು ಒಂದು ಭಾನುವಾರ ಸಭೆಯ ಮನೆಭೇಟಿಗೆ ಜೊತೆಗೆ ಬರಲು ಜನ ಇಲ್ಲವೆಂದು ನನ್ನನ್ನು ಕರೆದುಕೊಂಡು ಹೋದರು, ಅಲ್ಲಿಂದ ಶುರು.

ಸಭೆ ಹುಟ್ಟಿದ್ದು 1833ರಲ್ಲಿ, ಪ್ಯಾರಿಸ್ಸಿನಲ್ಲಿ. ಅದಕ್ಕೆ ಒಂದು ವರ್ಷ ಮುಂಚೆ ಕಾಲರಾ ಬಡಿದು ಆ ಊರೊಂದರಲ್ಲೇ 18 ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು. ಕಾಲೇಜು ಹುಡುಗರ ಚರ್ಚಾಕೂಟದಲ್ಲಿ ಕ್ರೈಸ್ತ ಧರ್ಮದ ಹಿರಿಮೆಯನ್ನು ಓಜಾನಂ ಜೋರಾಗಿ ಸಮರ್ಥಿಸುತ್ತಿದ್ದಾಗ ಎದುರು ಪಕ್ಷದವರು, ಹಿಂದೆ ಮಾಡಿದ್ದಿರಲಿ, ಈಗ ನೀವೇನು ಮಾಡುತ್ತಿದ್ದೀರಿ ಎಂದು ಕೇಳಿದರಂತೆ. ಓಜಾನಂಗೆ ಆಗ 20 ವರ್ಷ. ಅವರು ಗೆಳೆಯನೊಬ್ಬನ ಜೊತೆ, ಚಳಿಗಾಲಕ್ಕೆಂದು ತಮಗೇ ಇಟ್ಟುಕೊಂಡಿದ್ದ ಸೌದೆಯನ್ನು ಹೊತ್ತು ಒಂದು ಬಡ ಮನೆಗೆ ಹಾಕಿ ಬಂದರು. ವಾದಕ್ಕೆ ಅದೇ ಉತ್ತರ, ಸಭೆಗೆ ಅದೇ ಮೊದಲು. ಆಮೇಲೆ ಆ ಹುಡುಗರಿಗೆ ಕೈಹಿಡಿದು ಕೆಲಸ ಕಲಿಸಿದವರು ಮುಫ್ತಾರ್ ಬೀದಿಯ ಕೇರಿಗಳಲ್ಲಿ ದಶಕಗಟ್ಟಲೆ ಓಡಾಡಿದ ಸಿಸ್ಟರ್ ರೊಜಾಲಿ ರಾಂಡ್ಯು. ಯಾವ ಮನೆಗೆ ಹೋಗಬೇಕು, ಹೋಗಿ ಹೇಗೆ ಮಾತಾಡಬೇಕು ಎಂಬುದನ್ನೆಲ್ಲ ತಿಳಿಸಿಕೊಟ್ಟವರು ಆಕೆ.

ಇಂದು ಸುಮಾರು 150 ದೇಶಗಳಲ್ಲಿ ಸಭೆ ಇದೆ. ಕ್ರಮ ಮಾತ್ರ ಹೆಚ್ಚು ಬದಲಾಗಿಲ್ಲ. ಇಬ್ಬಿಬ್ಬರಾಗಿ ಮನೆಭೇಟಿ. ಜಾತಿ ಧರ್ಮ ಕೇಳುವಂತಿಲ್ಲ. ಯಾರ ಮನೆಯಲ್ಲಿ ಏನು ಕಂಡೆವು ಎಂಬುದನ್ನು ಊರಿಗೆ ಹೇಳುವಂತಿಲ್ಲ. ಸಭೆ ಸೇರಿದಾಗ ಒಂದು ಚೀಲ ಕೈಯಿಂದ ಕೈಗೆ ದಾಟುತ್ತದೆ; ಮುಷ್ಟಿ ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ, ಯಾರು ಎಷ್ಟು ಹಾಕಿದರೆಂದು ಪಕ್ಕದವರಿಗೂ ತಿಳಿಯದು. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದೆಂಬ ಮತ್ತಾಯನ ಸುವಾರ್ತೆಯ ಮಾತಿಗೆ ಇಷ್ಟು ನೇರವಾದ ಏರ್ಪಾಟು ಬೇರೆಲ್ಲೂ ನಾನು ನೋಡಿಲ್ಲ. ಕಿಸೆಯಲ್ಲಿ ನೋಟೇ ಇರುವುದಿಲ್ಲ, ಕ್ಯೂಆರ್ ಕೋಡ್ ಇಡಿ ಎಂದು ಈಚೆಗೆ ಹುಡುಗರು ಹೇಳುತ್ತಾರೆ. ಇಟ್ಟರೆ ಕೊಟ್ಟವರ ಹೆಸರು ಖಜಾಂಚಿಯ ಫೋನಿನಲ್ಲಿ ಬರುತ್ತದೆ. ಅಂಗಡಿಯಲ್ಲಿರುವಂಥ ಸೌಂಡ್‌ಬಾಕ್ಸ್ ತಂದಿಟ್ಟರಂತೂ ಮೊತ್ತವನ್ನೂ ಸಾರಿ ಹೇಳುತ್ತದೆ!

ಹೊಸದಾಗಿ ಸೇರಿದವರಿಗೆ ಕಷ್ಟವಾಗುವುದು ಕೊಡುವುದಲ್ಲ, ಕೂರುವುದು. ಅಕ್ಕಿ, ಎಣ್ಣೆ, ಸಾಬೂನಿನ ಕಟ್ಟನ್ನು ಜಗಲಿಯ ಮೇಲಿಟ್ಟು ಸ್ಕೂಟರಿನ ಎಂಜಿನ್ ಆರಿಸದೆ ಹಿಂತಿರುಗುವುದಾದರೆ ಹತ್ತು ಮನೆಯನ್ನು ಒಂದು ಗಂಟೆಯಲ್ಲಿ ಮುಗಿಸಬಹುದು. ಲಾಕ್‌ಡೌನ್ ಕಾಲದಲ್ಲಿ ಊರೂರಲ್ಲಿ ಕಂಡ ಕಿಟ್ ಹಂಚಿಕೆಯ ಫೋಟೊಗಳನ್ನು ನೆನೆಸಿಕೊಳ್ಳಿ: ಕೊಡುವವರು ಐದು ಜನ, ತಗೊಳ್ಳುವಾಕೆ ಒಬ್ಬಳು, ಎಲ್ಲರ ಕಣ್ಣೂ ಮೊಬೈಲಿನ ಕಡೆ. ತುರ್ತಿನಲ್ಲಿ ಹಸಿವು ನೀಗಿತು, ಅದನ್ನು ಅಲ್ಲಗಳೆಯಲಾಗದು. ಆದರೆ ಅದನ್ನು ಕ್ರಿಸ್ತನ ಶಿಷ್ಯತ್ವ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಬೀಡಿ ಕಟ್ಟುವ ಒಬ್ಬ ಅಕ್ಕನ ಮನೆ. ಅವರು ನಮ್ಮ ಇಗರ್ಜಿಯವರಲ್ಲ. ಮಳೆಗಾಲದ ಮಧ್ಯಾಹ್ನ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಎಲೆಯ ವಾಸನೆ, ತೊಡೆಯ ಮೇಲೆ ಮೊರದಂಥ ತಡ್ಪೆ. "ಪೊರ್ಬುಗಳೇ, ಮಂಚದ ಮೇಲೆ ಕೂತ್ಕೊಳ್ಳಿ, ನೆಲ ತಂಡಿ ಉಂಟು" ಎನ್ನುತ್ತಲೇ ಅವರ ಕೈ ಎಲೆ ಕತ್ತರಿಸುತ್ತಿತ್ತು, ಚಿಟಿಕೆ ಪುಡಿ ಹಾಕಿ ಸುರುಳಿ ಸುತ್ತುತ್ತಿತ್ತು, ಬಾಯಿ ಮಡಚಿ ನೂಲು ಬಿಗಿಯುತ್ತಿತ್ತು. ಬೀಡಿ ಬ್ರಾಂಚಿಗೆ ಕೊಡುವ ಲೆಕ್ಕ ತುಂಬಬೇಕಲ್ಲ, ಮಾತಿಗೆಂದು ಕೈ ನಿಲ್ಲುವುದಿಲ್ಲ. ಮಳೆ ಬಿಡದ ಕಾರಣ ಗುರ್ಕಾರರೂ ನಾನೂ ಏಳಲಾಗಲಿಲ್ಲ. ಸುಮಾರು ಹೊತ್ತು ಮಗಳ ಮದುವೆ, ಪಕ್ಕದ ಮನೆಯ ನಾಯಿ, ಅಡಿಕೆ ರೇಟು ಎಲ್ಲ ಆದ ಮೇಲೆ, ಏನೋ ದೊಡ್ಡ ವಿಷಯವಲ್ಲ ಎಂಬಂತೆ, ಸೊಸೈಟಿಯಲ್ಲಿ ರೇಶನ್ ಅಕ್ಕಿ ಸಿಗುತ್ತಿಲ್ಲ ಎಂದರು. ಕಾರ್ಡ್ ಇದೆ, ಹೆಸರಿದೆ. ಹೆಬ್ಬೆರಳನ್ನು ಮಾತ್ರ ಯಂತ್ರ ಹಿಡಿಯುತ್ತಿಲ್ಲ. ತಲೆಕೂದಲಿಗೆ ಒರೆಸಿ ಇಡಿ ಎಂದರಂತೆ, ಇಟ್ಟರಂತೆ, ಆಗಲಿಲ್ಲ. ಬೆರಳು ತೋರಿಸಿದರು. ವರ್ಷಗಟ್ಟಲೆ ಎಲೆ ಉಜ್ಜಿ ಉಜ್ಜಿ ಗೆರೆಗಳೇ ಸವೆದು ತುದಿ ನುಣ್ಣಗಾಗಿತ್ತು.

ನಾವು ಒಯ್ದಿದ್ದ ಐದು ಕಿಲೋ ಕುಚ್ಚಲಕ್ಕಿ ಮೂಲೆಯಲ್ಲಿತ್ತು. ಅದು ಎಷ್ಟು ದಿನಕ್ಕೆ ಬಂದೀತು? ಅವರಿಗೆ ಬೇಕಾಗಿದ್ದದ್ದು ಆಧಾರ್ ಕೇಂದ್ರದ ಸರದಿಯಲ್ಲಿ ಜೊತೆಗೆ ನಿಂತು, ಬೆರಳಚ್ಚನ್ನು ಹೊಸದಾಗಿ ತೆಗೆಸಿ, ಸರಿ ಹೋಗದಿದ್ದರೆ ಮುಂದಿನ ಕಚೇರಿ ಯಾವುದೆಂದು ವಿಚಾರಿಸುವ ಒಬ್ಬ ಮನುಷ್ಯ. ದಿನದ ಬೀಡಿ ಬಿಟ್ಟು ಒಬ್ಬರೇ ಅಲೆಯಲು ಅವರಿಗೆ ಆಗದು. ಗುರ್ಕಾರರು ರಜೆ ಹಾಕಿ ಹೋದರು. ಈಗ ನಮ್ಮ ಮನೆಭೇಟಿಗಳಲ್ಲಿ ಅಕ್ಕಿ ಮೂಟೆಗಿಂತ ಜೆರಾಕ್ಸ್ ಪ್ರತಿಗಳೇ ಹೆಚ್ಚು: ವಿಧವಾ ವೇತನದ ಅರ್ಜಿ, ವೆನ್ಲಾಕ್ ಆಸ್ಪತ್ರೆಯ ಒಪಿಡಿ ಚೀಟಿ, ಆಯುಷ್ಮಾನ್ ಕಾರ್ಡ್.

ಇದರಲ್ಲಿ ಧರ್ಮ ಎಲ್ಲಿ ಬಂತು ಎಂದು ಕೇಳುವವರಿದ್ದಾರೆ. ಭೇಟಿಗೆ ಹೋಗುವ ಮುನ್ನ ಪ್ರಾರ್ಥನೆ ಇರುತ್ತದೆ, ಬಂದ ಮೇಲೂ ಇರುತ್ತದೆ; ಆ ಮನೆಯೊಳಗೆ ಬೋಧನೆ ಇರುವುದಿಲ್ಲ. ಹಸಿದವನಿಗೆ ಕೊಟ್ಟದ್ದು ತನಗೇ ಕೊಟ್ಟಂತೆ ಎಂದ ಕ್ರಿಸ್ತನು, ಕೊಡುವಾಗ ಏನು ಮಾತಾಡಿದಿರಿ ಎಂದು ಆ ಮಾತು ಬರುವ ಸುವಾರ್ತೆಯ ಅಧ್ಯಾಯದಲ್ಲಿ ವಿಚಾರಿಸುವುದಿಲ್ಲ. ಓಜಾನಂ 40 ವರ್ಷ ಮಾತ್ರ ಬದುಕಿದರು, 1853ರ ಸೆಪ್ಟೆಂಬರ್ 8ರಂದು ತೀರಿಕೊಂಡರು. ಕರಾವಳಿಯ ಕ್ರೈಸ್ತರಿಗೆ ಅದು ಮೋಂತಿ ಫೆಸ್ತ್, ಹೊಸ ತೆನೆ ಮನೆಗೆ ತರುವ ದಿನ. ಅವರು ಸಂಸಾರ ಬಿಟ್ಟು ಸಂತರಾದವರಲ್ಲ ಎಂಬುದು ನನಗೆ ಹಿಡಿಸುವ ಸಂಗತಿ. ಮದುವೆಯಾದದ್ದು ಜೂನ್ 23ಕ್ಕೆ. ಪ್ರತಿ ತಿಂಗಳ 23ಕ್ಕೆ ಹೆಂಡತಿಗೆ ಹೂ ತರುವುದನ್ನು ಕಾಯಿಲೆ ಬಿದ್ದ ಮೇಲೂ ತಪ್ಪಿಸಲಿಲ್ಲ. 1997ರಲ್ಲಿ ಪೋಪ್ ಎರಡನೇ ಜಾನ್ ಪೌಲರು ಪ್ಯಾರಿಸ್ಸಿನಲ್ಲಿ ಅವರನ್ನು ಪುನೀತರೆಂದು ಸಾರಿದಾಗ ಪಾಠ, ಸಂಸಾರ, ಮನೆಭೇಟಿ ಎಲ್ಲವನ್ನೂ ಸೇರಿಸಿ ಗೌರವಿಸಿದಂತಾಯಿತು.

ಎಲ್ಲ ಸಲೀಸಾಗಿದೆ ಎಂದಲ್ಲ. ವಾಡೊದ ಹುಡುಗರು ಅರ್ಧಕ್ಕರ್ಧ ಗಲ್ಫಿನಲ್ಲಿ, ಉಳಿದವರು ಬೆಂಗಳೂರಿನಲ್ಲಿ. ಸಭೆಯ ಸುತ್ತ ಕೂತವರಲ್ಲಿ ಬಹುಪಾಲು ತಲೆ ನೆರೆತವು. ಮೊನ್ನೆಯಿಂದ ಚರ್ಚೆಯಲ್ಲಿರುವುದು ಕುಡುಕನೊಬ್ಬನ ಸಂಸಾರ. ಮನೆ ಬಾಡಿಗೆ ಎರಡು ತಿಂಗಳಿನದು ಬಾಕಿ. ಗಂಡನ ಕೈಗೆ ಕೊಟ್ಟರೆ ವೈನ್‌ಶಾಪಿಗೆ, ಹೆಂಡತಿಯ ಕೈಗೆ ಕೊಟ್ಟರೆ ಪೆಟ್ಟು ತಿಂದು ಅದೂ ಅಲ್ಲಿಗೇ. ಮನೆ ಯಜಮಾನನಿಗೆ ನೇರ ಕೊಡೋಣ ಎಂದು ಖಜಾಂಚಿ. ಹಾಗೆ ಮಾಡಿದರೆ ಅವನಿಗೆ ಕುಡಿಯಲು ದುಡಿಮೆಯಷ್ಟೂ ಮಿಗುತ್ತದೆ ಎಂದು ಇನ್ನೊಬ್ಬರು. ಮಕ್ಕಳ ಫೀಸನ್ನು ಶಾಲೆಯಲ್ಲೇ ಕಟ್ಟುವುದು ಎಂಬಷ್ಟು ತೀರ್ಮಾನವಾಗಿದೆ. ಬಾಡಿಗೆಯ ಮಾತು ಮುಂದಿನ ಭಾನುವಾರಕ್ಕೆ ಹೋಗಿದೆ, ಅಷ್ಟರೊಳಗೆ ಗುರ್ಕಾರರು ಇನ್ನೊಮ್ಮೆ ಆ ಮನೆಗೆ ಹೋಗಿ ಬರಬೇಕು. ಜೊತೆಗೆ ಯಾರು ಎಂದು ಇನ್ನೂ ಗೊತ್ತಾಗಿಲ್ಲ.