ಚೆಂಡು ಕಾಲಲ್ಲಿ ಇಲ್ಲದಾಗ

ಕಾಲೇಜು ಫುಟ್‌ಬಾಲ್ ತಂಡದಲ್ಲಿ ಐದು ವರ್ಷ ಸ್ಟಾಪರ್ ಬ್ಯಾಕ್ ಆಗಿದ್ದೆ. ಆಮೇಲೆ ಮೇಷ್ಟ್ರಾದೆ, ಕೊನೆಗೆ ವಿಶ್ವವಿದ್ಯಾಲಯದ ಮೌಲ್ಯಮಾಪನ ಕುಲಸಚಿವನಾದೆ. ಎರಡೂ ಕಡೆ ನಿಂತು ಕಲಿತದ್ದು ಇಷ್ಟು.

1. ಚೆಂಡು ಬರುವ ಮೊದಲೇ ಜಾಗ ಹಿಡಿದಿರಬೇಕು. 90 ನಿಮಿಷದ ಆಟದಲ್ಲಿ ಚೆಂಡು ನಮ್ಮ ಕಾಲಿಗೆ ಸಿಗುವುದು ಸ್ವಲ್ಪವೇ ಹೊತ್ತು. ಮಿಕ್ಕಂತೆ ಎಲ್ಲಿ ನಿಲ್ಲಬೇಕೆಂಬುದೇ ಕೆಲಸ. ಪರೀಕ್ಷೆಯ ಕೆಲಸವೂ ಹಾಗೆಯೇ. ಪ್ರಶ್ನೆಪತ್ರಿಕೆಯ ಕಟ್ಟು ಕೇಂದ್ರದಲ್ಲಿ ಬಿಚ್ಚಿದ ಮೇಲೆ ಎಣಿಕೆ ತಪ್ಪಿದೆಯೆಂದು ಗೊತ್ತಾದರೆ ಗೋಲು ಬಿದ್ದಾಯಿತು.

2. ಆಟಗಾರನ ಅರ್ಜಿ ತಡವಾಗಿಯೇ ಬರುತ್ತದೆ. ಗೋಲ್‌ಕೀಪರ್ ಹುಡುಗನೊಬ್ಬ ಅಂತರ ವಿಶ್ವವಿದ್ಯಾಲಯ ಪಂದ್ಯ ಮುಗಿಸಿ, ರೈಲಿಳಿದು ನೇರ ನನ್ನ ಕೊಠಡಿಗೆ ಬಂದ. ಬಲಗೈಯ ಎರಡು ಬೆರಳು ಸೇರಿಸಿ ಟೇಪು ಸುತ್ತಿತ್ತು. ಅರ್ಜಿಗೆ ಎಡಗೈಯಲ್ಲೇ ಸಹಿ ಮಾಡಿದ. "ಸರ್, ಹಾಲ್‌ಟಿಕೆಟ್ ಕೊಟ್ಟಿಲ್ಲ. ಹಾಜರಾತಿ ಕಮ್ಮಿ ಅಂತಾರೆ." ಶೇ. 75ರ ನಿಯಮ ಸರಿಯೇ. ಆದರೆ ಅವನು ಹೋದದ್ದು ನಮ್ಮದೇ ಜೆರ್ಸಿ ತೊಟ್ಟು. ದೈಹಿಕ ಶಿಕ್ಷಣ ನಿರ್ದೇಶಕರ ಪತ್ರ ಎರಡು ಮೇಜುಗಳ ನಡುವೆ ಸಿಕ್ಕಿಕೊಂಡಿತ್ತು. ತಂಡ ಹೊರಡುವ ದಿನವೇ ಹೆಸರುಪಟ್ಟಿ ಪರೀಕ್ಷಾ ವಿಭಾಗಕ್ಕೆ ಬರಬೇಕೆಂದು ಆ ವಾರವೇ ಸುತ್ತೋಲೆ ಹೊರಡಿಸಿದೆ. ಹುಡುಗ ಲಿಪಿಕಾರನ ನೆರವಿನಿಂದ ಪರೀಕ್ಷೆ ಬರೆದ.

3. ಬಾಯಿ ಬಿಟ್ಟು ಹೇಳಿ. 'ಹಿಂದೆ ಆಳು ಇದ್ದಾನೆ' ಎಂದು ಕೂಗದ ಬ್ಯಾಕ್ ಇದ್ದೂ ಇಲ್ಲದಂತೆ. ಕಚೇರಿಯಲ್ಲೂ ಅಷ್ಟೇ. ಕಡತದ ಮೇಲೆ 'ಪರಿಶೀಲಿಸಿ ಮಂಡಿಸಿ' ಎಂದು ಷರಾ ಬರೆಯುವ ಬದಲು ಎದ್ದು ಸಂಬಂಧಪಟ್ಟ ಗುಮಾಸ್ತರ ಮೇಜಿಗೇ ಹೋಗುತ್ತೇನೆ.

4. ಮೈದಾನದಿಂದ ಆಡಳಿತದ ಮೇಜಿಗೆ ಬರುವ ಈ ದಾರಿಯಲ್ಲಿ ಮೊದಲೇ ನಡೆದವರಿದ್ದಾರೆ. ಜೆರೋಮ್ ಹಾಲೆಂಡ್ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡಕ್ಕೆ ಆಡಿದ ಮೊದಲ ಕಪ್ಪು ಆಟಗಾರ. 1937 ಮತ್ತು 1938ರಲ್ಲಿ ದೇಶದ ಅತ್ಯುತ್ತಮ ಕಾಲೇಜು ಆಟಗಾರರ 'ಆಲ್ ಅಮೆರಿಕನ್' ಪಟ್ಟಿಯಲ್ಲಿದ್ದವರು. ಅವರ ಫುಟ್‌ಬಾಲ್ ಬೇರೆ, ಚೆಂಡನ್ನು ಕೈಯಲ್ಲಿ ಹಿಡಿದು ಓಡುವಂಥದ್ದು. ಆಗಿನ ವೃತ್ತಿಪರ ಲೀಗ್ ಕಪ್ಪು ಆಟಗಾರರನ್ನು ಸೇರಿಸುತ್ತಿರಲಿಲ್ಲ. ಹಾಲೆಂಡ್ ಸಮಾಜಶಾಸ್ತ್ರ ಓದಿ, ಪಾಠ ಮಾಡಿ, 1953ರಲ್ಲಿ ಡೆಲವೇರ್ ಸ್ಟೇಟ್ ಕಾಲೇಜಿನ ಅಧ್ಯಕ್ಷರಾದರು. 1949ರಲ್ಲಿ ಹೋಗಿದ್ದ ಆ ಕಾಲೇಜಿನ ಮಾನ್ಯತೆ 1957ರಲ್ಲಿ ಮರಳಿತು. ನಮ್ಮಲ್ಲಿ ಮಾನ್ಯತೆ ನೀಡುವ ನ್ಯಾಕ್ ತಂಡ ಬರುವ ಮುನ್ನಿನ ರಾತ್ರಿಗಳನ್ನು ಕಂಡವರಿಗೆ ಆ ನಾಲ್ಕು ವರ್ಷದ ದುಡಿಮೆ ಅರ್ಥವಾದೀತು.

5. ಮೈದಾನ ಖಾಲಿ ಜಾಗವಲ್ಲ. ಹೊಸ ಕಟ್ಟಡದ ಮಾತು ಬಂದಾಗಲೆಲ್ಲ ನಕ್ಷೆಯ ಮೊದಲ ಗೆರೆ ಅದರ ಮೇಲೆಯೇ ಬೀಳುತ್ತದೆ. ಕಳೆದ ಸಲ 'ಒಂದು ಬದಿಯಲ್ಲಿ 30 ಮೀಟರ್ ಅಷ್ಟೇ' ಎಂದರು. ಅಗಲ 68 ಮೀಟರ್. ಸಂಜೆ ಟೇಪು ಹಿಡಿದು ಹೋದೆ. ಆಡುತ್ತಿದ್ದ ಹುಡುಗರೇ ಇನ್ನೊಂದು ತುದಿ ಹಿಡಿದರು. ಉಳಿಯುವ 38 ಮೀಟರಿಗೆ ಸುಣ್ಣದ ಗೆರೆ ಎಳೆಸಿ, ಮರುದಿನ ಸಮಿತಿಯವರನ್ನು ಅಲ್ಲಿಗೇ ಕರೆದೆ.