ದುಡ್ಡಿಲ್ಲ ಅಂದರೆ ಮುಗೀತೇ?



ನಮ್ಮ ಬೀದಿಯ ಚರಂಡಿ ನಿಮಗೆಲ್ಲ ಗೊತ್ತೇ ಇದೆ. ನೀವು ಮೂಗು ಮುಚ್ಚಿಕೊಂಡು ದಾಟಿ ಹೋಗುತ್ತೀರಿ. ನಮ್ಮ ಮನೆ ಇರುವುದೇ ಅಲ್ಲಿ. ಹೋದ ಮಳೆಗಾಲದಲ್ಲಿ ಅದು ಉಕ್ಕಿ ಹರಿದು, ದಾಟಲು ಹಾಕಿದ್ದ ಚಪ್ಪಡಿ ಕಾಣದೆ ನಮ್ಮಜ್ಜಿ ಜಾರಿ ಬಿದ್ದು ಕೈ ಮುರಿದುಕೊಂಡಳು. ಅಪ್ಪ ಮೂರು ಸಲ ಹೋಗಿ ಕೇಳಿಬಂದರು. ಮೂರು ಸಲವೂ "ಅನುದಾನ ಬಂದಿಲ್ಲ, ದುಡ್ಡಿಲ್ಲ" ಅನ್ನೋ ಒಂದೇ ಉತ್ತರ. ಇದನ್ನು ತರಗತಿಯಲ್ಲಿ ಹೇಳಿದಾಗ ಸಮಾಜ ವಿಜ್ಞಾನದ ಮೇಷ್ಟ್ರು ನಮಗೆ ರತ್ಲಾಂ ಮೊಕದ್ದಮೆಯ ಪಾಠ ಮಾಡಿದರು. ಪುಸ್ತಕದಲ್ಲಿಲ್ಲದ ಪಾಠವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ರತ್ಲಾಂ ಮಧ್ಯಪ್ರದೇಶದ ಒಂದು ಊರು. 1970ರ ದಶಕದಲ್ಲಿ ಅಲ್ಲಿನ 12ನೇ ವಾರ್ಡಿನ ನ್ಯೂ ರೋಡಿನಲ್ಲಿ ಸರಿಯಾದ ಚರಂಡಿ ಇರಲಿಲ್ಲ. ಮದ್ಯಸಾರದ ಕಾರ್ಖಾನೆಯ ಗಬ್ಬು ನೀರು ಬೀದಿಗೇ ಹರಿಯುತ್ತಿತ್ತು. ಹತ್ತಿರದ ಗುಡಿಸಲಿನವರಿಗೆ ಕಕ್ಕಸು ಇರಲಿಲ್ಲ, ಅವರು ಬಯಲಲ್ಲೇ ಕೂರುತ್ತಿದ್ದರು. ಸೊಳ್ಳೆಯ ಮಾತಂತೂ ಕೇಳಲೇಬೇಡಿ.

ಆ ಬೀದಿಯವರು ಹೋದದ್ದು ದೆಹಲಿಗಲ್ಲ, ತಮ್ಮ ಉಪವಿಭಾಗದ ಮ್ಯಾಜಿಸ್ಟ್ರೇಟರ ಹತ್ತಿರ. ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಮಿನ ಪ್ರಕಾರ, ಸಾರ್ವಜನಿಕರಿಗೆ ಉಪದ್ರವ ಆಗುತ್ತಿದ್ದರೆ ಮ್ಯಾಜಿಸ್ಟ್ರೇಟರು "ಇಷ್ಟು ದಿನದೊಳಗೆ ಸರಿಮಾಡಿ, ಇಲ್ಲವೇ ಬಂದು ಕಾರಣ ಹೇಳಿ" ಎಂದು ಆಜ್ಞೆ ಮಾಡಬಹುದಿತ್ತು. ಅವರು ನಗರಸಭೆಗೆ ಹಾಗೆಯೇ ಆಜ್ಞೆ ಮಾಡಿದರು. ಸೆಷನ್ಸ್ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಹೈಕೋರ್ಟು ಮತ್ತೆ ಎತ್ತಿ ಹಿಡಿಯಿತು. ಆಗ ನಗರಸಭೆಯೇ ಸುಪ್ರೀಂ ಕೋರ್ಟಿಗೆ ಹೋಯಿತು. ಚರಂಡಿ ಕಟ್ಟಲು ದುಡ್ಡಿಲ್ಲ, ಸುಪ್ರೀಂ ಕೋರ್ಟಿನವರೆಗೆ ಹೋಗಲು ಎಲ್ಲಿಂದ ಬಂತೋ ಎಂದು ನಮ್ಮ ತರಗತಿಯಲ್ಲಿ ಎಲ್ಲರೂ ನಕ್ಕೆವು.

ನಗರಸಭೆಯ ವಾದ ಎರಡು. ಒಂದು, ನಮ್ಮಲ್ಲಿ ಹಣವಿಲ್ಲ. ಇನ್ನೊಂದು, ಅಲ್ಲಿ ಕೊಳಕಿದೆ ಎಂದು ಗೊತ್ತಿದ್ದೂ ಮನೆ ಮಾಡಿಕೊಂಡವರು ಈಗ ದೂರುವುದು ಸರಿಯಲ್ಲ!

ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಮತ್ತು ನ್ಯಾಯಮೂರ್ತಿ ಓ. ಚಿನ್ನಪ್ಪ ರೆಡ್ಡಿ 1980ರಲ್ಲಿ ತೀರ್ಪು ಕೊಟ್ಟರು. ಚರಂಡಿ, ನೈರ್ಮಲ್ಯ ಇವು ಕಾಯಿದೆಯೇ ನಗರಸಭೆಗೆ ಹೊರಿಸಿದ ಕರ್ತವ್ಯ. ಹಣವಿಲ್ಲ ಎಂದು ಅದರಿಂದ ತಪ್ಪಿಸಿಕೊಳ್ಳುವ ಹಾಗಿಲ್ಲ. ಅಷ್ಟು ಅಗತ್ಯವಿಲ್ಲದ ಖರ್ಚು ಕಡಿಮೆ ಮಾಡಿ, ಸರ್ಕಾರದಿಂದ ಸಾಲವನ್ನೋ ಅನುದಾನವನ್ನೋ ಕೇಳಿ ಪಡೆಯಿರಿ ಎಂದರು. ಕಾರ್ಖಾನೆಯ ನೀರು ಬೀದಿಗೆ ಬರುವುದನ್ನು ನಿಲ್ಲಿಸಬೇಕು, ಹೊಂಡಗಳನ್ನು ಮುಚ್ಚಬೇಕು, ಆರು ತಿಂಗಳಲ್ಲಿ ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಕಕ್ಕಸು ಕಟ್ಟಬೇಕು ಎಂದು ಆಜ್ಞೆ ಮಾಡಿದರು.

ನನಗೆ ಹೆಚ್ಚು ಹಿಡಿಸಿದ್ದು ಇದು. ಬಯಲಲ್ಲಿ ಕೂರುವ ಬಡವರನ್ನು ಓಡಿಸಿ ಎಂದು ನ್ಯಾಯಾಲಯ ಹೇಳಲಿಲ್ಲ. ಜಾಗವೇ ಕೊಡದಿದ್ದರೆ ಅವರು ತಾನೇ ಏನು ಮಾಡಿಯಾರು, ಮಾನದಿಂದ ಬದುಕುವ ಹಕ್ಕು ಅವರಿಗೂ ಇದೆ ಎಂದಿತು. ನಾವು ಬೈಯುತ್ತಿದ್ದದ್ದು ಯಾರನ್ನು ಎಂದು ಆಗ ನನಗೆ ನಾಚಿಕೆಯಾಯಿತು.

133ನೇ ಕಲಮು ಈಗ ಆ ಹೆಸರಿನಲ್ಲಿಲ್ಲ. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ, ಅದರಲ್ಲಿ ಇದೇ ವಿಷಯ 152ನೇ ಕಲಮಿನಲ್ಲಿದೆ. ಉಪವಿಭಾಗದ ಮ್ಯಾಜಿಸ್ಟ್ರೇಟರು ಅಂದರೆ ನಮ್ಮ ಕಡೆ ಎ.ಸಿ. ಸಾಹೇಬರು ಅಂತೀವಲ್ಲ, ಅವರೇ.

"ಕೋರ್ಟು ಕಛೇರಿ ಅಂದ್ರೆ ಮನೆ ಮಾರ್ಕೋಬೇಕು ಕಣಮ್ಮ" ಅಂದಳು ಅಜ್ಜಿ. ಅದಕ್ಕೆ ಮೇಷ್ಟ್ರು, ಮೊದಲು ಪಂಚಾಯಿತಿಗೇ ಬರವಣಿಗೆಯಲ್ಲಿ ಅರ್ಜಿ ಕೊಡಿ, ತಲುಪಿದ್ದಕ್ಕೆ ಸಹಿ ಹಾಕಿಸಿಕೊಂಡ ಪ್ರತಿ ಇಟ್ಟುಕೊಳ್ಳಿ, ಬಾಯಿಮಾತಿಗೆ ಸಾಕ್ಷಿ ಇರಲ್ಲ ಎಂದರು. ಅಪ್ಪ ಮೂರು ಸಲ ಹೋಗಿದ್ದಕ್ಕೆ ನಮ್ಮ ಹತ್ತಿರ ಒಂದು ಚೀಟಿಯೂ ಇಲ್ಲ.

ಈ ಭಾನುವಾರ ಅರ್ಜಿ ಬರೆದೆವು. ಬೀದಿಯ 14 ಮನೆಗಳಲ್ಲಿ 11 ಮನೆಯವರ ಸಹಿ ಆಗಿದೆ. ಅಜ್ಜಿಗೆ ಮಸಿಡಬ್ಬಿ ಕೊಟ್ಟರೆ ಬೇಡ ಎಂದು ದೂಡಿದಳು. ಮುರಿದು ಕೂಡಿದ ಕೈಯಲ್ಲೇ ಪೆನ್ನು ಹಿಡಿದು, ರಾತ್ರಿಶಾಲೆಯಲ್ಲಿ ಕಲಿತಿದ್ದ ತನ್ನ ಹೆಸರನ್ನು ನಿಧಾನವಾಗಿ ಬರೆದಳು.