ಹೀಟರ್ ಕೋರ್ ಸೋರಿದರೆ ಡ್ಯಾಶ್‌ಬೋರ್ಡ್ ಬಿಚ್ಚಲೇಬೇಕೆ?

ಎಡಸೀಟಿನ ಮುಂದಿನ ಮ್ಯಾಟ್ ಒದ್ದೆಯಾದ ಮಾತ್ರಕ್ಕೆ ಹೀಟರ್ ಕೋರ್ ಹೋಗಿದೆ ಎನ್ನಲಾಗದು. ಎಸಿಯ ಡ್ರೈನ್ ಪೈಪ್ ಕಟ್ಟಿಕೊಂಡರೂ ನೀರು ಅಲ್ಲಿಗೇ ಇಳಿಯುತ್ತದೆ. ಬಿಳಿ ಟಿಶ್ಯೂ ಒತ್ತಿ ನೋಡಿ: ಎಸಿ ನೀರಿಗೆ ಬಣ್ಣವಿಲ್ಲ, ಕೂಲಂಟ್ ಹಸಿರೋ ಕೆಂಪೋ ಕಲೆ ಬಿಡುತ್ತದೆ, ಬೆರಳಿಗೆ ಜಾರುಜಾರಾಗಿ ಹತ್ತುತ್ತದೆ. ನೀವು ಬರೆದಿರುವ ಸಿಹಿ ವಾಸನೆ, ಗಾಜಿನ ಒಳಮೈಯ ಜಿಡ್ಡು, ಇಳಿಯುತ್ತಿರುವ ಕೂಲಂಟ್ ಮಟ್ಟ ಇವೆಲ್ಲ ಬೆರಳು ತೋರುವುದು ಹೀಟರ್ ಕೋರ್ ಕಡೆಗೇ. ಆದರೂ ಎಂಜಿನ್ ತಣ್ಣಗಿರುವಾಗ ಪ್ರೆಶರ್ ಟೆಸ್ಟ್ ಮಾಡಿಸಿ.

ಖಚಿತವಾದರೂ, ಬೆಂಗಳೂರಲ್ಲೇ ಓಡುವ ಹಳೆಯ ಗಾಡಿಗೆ ಸದ್ಯಕ್ಕೆ ಬೈಪಾಸ್ ಸಾಕು ಎಂಬುದು ನನ್ನ ನಿಲುವು. ಹೆಚ್ಚಿನ ಎಸ್‌ಯುವಿಗಳಲ್ಲಿ ಕೋರ್ ಕೂತಿರುವುದು ಡ್ಯಾಶ್‌ಬೋರ್ಡಿನ ಹೊಟ್ಟೆಯೊಳಗೆ. ಬಿಲ್ಲಿನಲ್ಲಿ ಬಿಡಿಭಾಗಕ್ಕಿಂತ ಕೂಲಿಯೇ ಭಾರ. ಎಂಜಿನ್ ಕಡೆಯಿಂದ ಬರುವ ಎರಡು ಹೋಸ್‌ಗಳನ್ನು ಒಂದಕ್ಕೊಂದು ಜೋಡಿಸಿದರೆ ಸೋರಿಕೆ ನಿಲ್ಲುತ್ತದೆ. ಅವುಗಳ ಬಾಯಿ ಮುಚ್ಚಿಸಬೇಡಿ. ಕೆಲವು ಎಂಜಿನ್‌ಗಳಲ್ಲಿ ಕೂಲಂಟ್ ಹರಿವಿಗೆ ಆ ದಾರಿ ಬೇಕೇ ಬೇಕು. ಮಡಿಕೇರಿಯ ಮಳೆಯಲ್ಲಿ ಗಾಜು ಮಂಜಾದರೆ? ಎಸಿ ಹಾಕಿ, ಅದು ಗಾಳಿಯ ತೇವ ಹೀರುತ್ತದೆ. ಗಾಡಿ ಲಡಾಖ್‌ಗೆ ಹೊರಟಿದ್ದರೆ ಮಾತು ಬೇರೆ, ಕೋರ್ ಬದಲಿಸಲೇಬೇಕು. ಸೋರಿಕೆ ಮುಚ್ಚುವ ಬಾಟಲಿ ದ್ರವ ಅಗ್ಗವಲ್ಲವೇ ಎನ್ನುವವರಿದ್ದಾರೆ. ಅಗ್ಗವೇ, ಆದರೆ ಅದು ರೇಡಿಯೇಟರಿನ ಸಣ್ಣ ಕೊಳವೆಗಳನ್ನೂ ಕಟ್ಟಿಬಿಡಬಹುದು. ಸುಮ್ಮನೆ ಕೂಲಂಟ್ ತುಂಬುತ್ತಾ ಓಡಿಸುವುದಂತೂ ಬೇಡ. ಒಮ್ಮೆ ಮರೆತರೂ ಎಂಜಿನ್ ಕಾದು ಹೆಡ್ ಗ್ಯಾಸ್ಕೆಟ್ ಹೋದೀತು. ಕಾರ್ಪೆಟ್ ಎತ್ತಿಸಿ, ಅಡಿಯ ಸ್ಪಂಜನ್ನೂ ತೊಳೆಸಿ ಒಣಗಿಸಿ. ಕೂಲಂಟಿನ ಎಥಿಲೀನ್ ಗ್ಲೈಕಾಲ್ ಸಿಹಿಯಾದ ವಿಷ, ಮಕ್ಕಳೂ ನಾಯಿಯೂ ಅತ್ತ ಹೋಗದಿರಲಿ.